ಬೆರ್ತಿಲ್ದಾಳ ಬಿಳುಪು

ಯಾರ ಮನೆಗೆ ಹೋದರೂ ಬೆರ್ತಿಲ್ದಾಳ ಕಣ್ಣು ಮೊದಲು ಬಟ್ಟೆ ಒಣಹಾಕುವ ಹಗ್ಗದ ಕಡೆಗೆ ಹೋಗುತ್ತಿತ್ತು. ಹಗ್ಗದ ಮೇಲಿನ ದುಪ್ಪಟಿ ಎಷ್ಟು ಬೆಳ್ಳಗಿದೆ ಎನ್ನುವುದರಿಂದ ಆ ಮನೆಯ ಹೆಂಗಸಿನ ಗುಣವನ್ನು ಆಕೆ ಅಳೆಯುತ್ತಿದ್ದಳು. ‘ಸೋಮಾರಿ’, ‘ನೀರಿಗೆ ಜಿಪುಣಿ’, ‘ಸೋಪು ಹಚ್ಚುತ್ತಾಳೆ, ತಿಕ್ಕುವುದಿಲ್ಲ’ ಎಂದು ಮನಸ್ಸಿನಲ್ಲೇ ಷರಾ ಬರೆದುಕೊಂಡು, ಆಮೇಲೆ ನಗುಮುಖದಿಂದ ಕುಶಲ ವಿಚಾರಿಸುತ್ತಿದ್ದಳು. ಬೊಗೊತಾ ನಗರದ ದಕ್ಷಿಣದಂಚಿನ ನಮ್ಮ ಗುಡ್ಡದಲ್ಲಿ ಆಕೆಯ ಷರಾಕ್ಕೆ ಸಿಗದ ಮನೆ ಇರಲಿಲ್ಲ. ಆಕೆಯ ಮಗಳು ನುಬಿಯಾ ನಾನು ಪಾಠ ಹೇಳುವ ಶಾಲೆಯಲ್ಲಿ ಓದಿದವಳು. ಅವಳ ಬಿಳಿ ಸಮವಸ್ತ್ರ ವರ್ಷದ ಕೊನೆಯ ದಿನವೂ ಮೊದಲ ದಿನದಂತೆಯೇ ಇರುತ್ತಿತ್ತು.

ಬೆರ್ತಿಲ್ದಾಳ ಮನೆ ಕೆಳಗಿನ ರಸ್ತೆಯ ತಿರುವಿನಲ್ಲಿತ್ತು. ಆ ರಸ್ತೆಯಲ್ಲಿ ಇಳಿದು ಬರುವ ಬಸ್ಸುಗಳೆಲ್ಲ ಆ ತಿರುವಿಗೆ ಮುಂಚೆ ಬ್ರೇಕು ಒತ್ತಿ, ಕಿರುಚಿ, ಸುಟ್ಟ ವಾಸನೆ ಬಿಟ್ಟು ಹೋಗುತ್ತಿದ್ದವು. ಮಾಳಿಗೆಯ ಮೇಲೆ ಸಿಮೆಂಟಿನ ನೀರಿನ ತೊಟ್ಟಿ, ಅದರ ಪಕ್ಕದಲ್ಲಿ ಗೀರುಗೀರಾದ ಬಟ್ಟೆ ತಿಕ್ಕುವ ಕಲ್ಲು, ಅಡ್ಡಕ್ಕೆ ನಾಲ್ಕು ಹಗ್ಗ. ಅದೇ ಆಕೆಯ ರಾಜ್ಯ. ಗಂಡ ಸೆಗುಂದೊ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಬಿಸಿಲು ಬಿದ್ದ ಕಡೆ ಕುರ್ಚಿ ಹಾಕಿಕೊಂಡು, ಇಳಿಯುವ ಬಸ್ಸಿನ ಸದ್ದಿನಿಂದಲೇ ‘ಇವನು ಗೇರಿನಲ್ಲಿ ಇಳಿಸಲಿಲ್ಲ, ಬರೀ ಬ್ರೇಕಿನಲ್ಲೇ ಇಳಿಸಿದ’ ಎಂದು ಹೇಳಿ ತಲೆ ಅಲ್ಲಾಡಿಸುತ್ತಿದ್ದ.

ನಮ್ಮ ಗುಡಿಯ ಮಾತೆ ಮರಿಯಮ್ಮನವರಿಗೆ ವರ್ಷಕ್ಕೆ ಎರಡು ಸಲ ಬಿಳಿಯ ಮೇಲುಹೊದಿಕೆ ತೊಡಿಸುತ್ತಾರೆ: ಈಸ್ಟರಿಗೊಮ್ಮೆ, ಡಿಸೆಂಬರಿನಲ್ಲಿ ಬೀದಿಬೀದಿಗೂ ಮೇಣದ ಬತ್ತಿ ಹಚ್ಚುವ ಸಂಜೆಗೊಮ್ಮೆ. ತೊಡಿಸುವ ಮುಂಚೆ ಅದನ್ನು ಒಬ್ಬ ಹೆಂಗಸು ತನ್ನ ಮನೆಗೆ ಒಯ್ದು ಕೈಯಿಂದ ತೊಳೆಯಬೇಕು. ಯಂತ್ರಕ್ಕೆ ಹಾಕುವಂತಿಲ್ಲ, ಒಳಗೆ ಒಣಗಿಸುವಂತಿಲ್ಲ. ಬೀದಿಗೆ ಕಾಣುವಂತೆ ಮಾಳಿಗೆಯ ಮುಂದಿನ ಹಗ್ಗಕ್ಕೇ ಹಾಕಬೇಕು. ಹೋಗುವವರು ನಿಂತು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಮೇಲುಹೊದಿಕೆಯನ್ನು ತೊಳೆದವಳು ಬೆರ್ತಿಲ್ದಾ. ಊರಿನವರಿಗೆ ಆಕೆ ಬೆರ್ತಿಲ್ದಾ ಎನ್ನುವುದಕ್ಕಿಂತ ‘ಮಾತೆಯ ಬಟ್ಟೆ ತೊಳೆಯುವವರು’ ಎಂದೇ ಪರಿಚಯ. ಆ ಹೆಸರು ಆಕೆಗೆ ಎಷ್ಟು ಮುಖ್ಯವಾಗಿತ್ತು ಎನ್ನುವುದು ಅದು ಕೈಜಾರುವ ಹೊತ್ತು ಬಂದಾಗಲೇ ನಮಗೆಲ್ಲ ತಿಳಿದದ್ದು.

ಮೇಲಿನ ರಸ್ತೆಯಲ್ಲಿ ಒದಿಲಿಯಾ ಇದ್ದಳು. ನುಬಿಯಾಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಜ್ಞಾನತಾಯಿ ಅವಳೇ. ಹೀಗಾಗಿ ಇಬ್ಬರು ಹೆಂಗಸರೂ ಪರಸ್ಪರ ‘ಕೊಮಾದ್ರೆ’ ಎಂದು ಕರೆದುಕೊಳ್ಳಬೇಕು, ಬಹುವಚನದಲ್ಲೇ ಮಾತಾಡಬೇಕು, ಜಗಳವಾಡಿದರೂ ಬಹುವಚನದಲ್ಲೇ ಆಡಬೇಕು. ಒದಿಲಿಯಾಳಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಗಿಡಕ್ಕೆ ನೀರು ಹಾಕಲು ಮರೆತರೂ ಅವಳ ಮನೆಯ ಜೆರೇನಿಯಂ ಹೂ ಬಿಡುತ್ತಿತ್ತು. ಬೆರ್ತಿಲ್ದಾ ದಿನವೂ ನೀರು ಹಾಕಿದರೂ ಎಲೆ ಮಾತ್ರ ಬರುತ್ತಿತ್ತು.

“ಆ ಕೊಮಾದ್ರೆ ಕಲ್ಲಿಗೆ ನೀರು ಹಾಕಿದ್ರೂ ಹೂ ಬಿಡತ್ತೆ” ಎಂದು ಬೆರ್ತಿಲ್ದಾ ಗಂಡನಿಗೆ ಹೇಳುತ್ತಿದ್ದಳು. ಅದು ಹೊಗಳಿಕೆಯಲ್ಲ ಎಂದು ಸೆಗುಂದೊಗೆ ಗೊತ್ತಿತ್ತು.

ಒಂದು ಮಳೆಗಾಲದಲ್ಲಿ ಮೇಲಿನ ರಸ್ತೆಯ ಹಳೆಯ ಡೀಸೆಲ್ ಬಸ್ಸುಗಳನ್ನು ತೆಗೆದು ವಿದ್ಯುತ್ ಬಸ್ಸುಗಳನ್ನು ಹಾಕಿದರು. ಕೆಳಗಿನ ರಸ್ತೆಯ ಸರದಿ ಆಮೇಲೆ ಬರುತ್ತದೆ ಎಂದರು. ಹೊಸ ಬಸ್ಸುಗಳಿಗೆ ಹೆಂಗಸರನ್ನೂ ಡ್ರೈವರುಗಳಾಗಿ ತೆಗೆದುಕೊಂಡಾಗ ನುಬಿಯಾಳಿಗೂ ಕೆಲಸ ಸಿಕ್ಕಿತು. ತಾಯಿಗೆ ಹೆಮ್ಮೆಯೇನೋ ಆಯಿತು. ಆದರೆ ಮಗಳ ಬಸ್ಸು ತನ್ನ ಮನೆಯ ಮುಂದೆ ಹಾಯದೆ ಒದಿಲಿಯಾಳ ಮನೆಯ ಮುಂದೆ ಹಾಯುತ್ತದೆ ಎನ್ನುವುದು ಮೊದಲ ದಿನದಿಂದಲೇ ಚುಚ್ಚತೊಡಗಿತು.

ಅದಕ್ಕಿಂತ ದೊಡ್ಡ ಮುಳ್ಳು ಕೆಲವು ತಿಂಗಳ ನಂತರ ಬಂತು. ಒದಿಲಿಯಾಳ ದುಪ್ಪಟಿಗಳು ಬೆಳ್ಳಗಾಗತೊಡಗಿದವು. ಮೊದಲು ಬೆರ್ತಿಲ್ದಾ ಅದನ್ನು ಬಿಸಿಲಿನ ಮೋಸವೆಂದುಕೊಂಡಳು. ಆಮೇಲೆ ಮೋಡದ ದಿನವೂ ನೋಡಿದಳು. ಆಮೇಲೆ ಉಪ್ಪು ಕೇಳುವ ನೆಪ ಮಾಡಿಕೊಂಡು ಗುಡ್ಡ ಹತ್ತಿ, ಒದಿಲಿಯಾ ಒಳಗೆ ಹೋದ ಗಳಿಗೆಯಲ್ಲಿ ದುಪ್ಪಟಿಯ ಮೂಲೆಯನ್ನು ಮೂಗಿಗೆ ಹಿಡಿದಳು.

“ಏನು ಕೊಮಾದ್ರೆ, ನನ್ನ ದುಪ್ಪಟಿಗೆ ನೆಗಡಿ ಆಗಿದ್ಯಾ ಅಂತ ನೋಡ್ತಿದ್ದೀರಾ?” ಒದಿಲಿಯಾ ಉಪ್ಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಬ್ಲೀಚ್ ಹಾಕಿದ್ದೀರೇನೋ ಅಂತ. ಬಟ್ಟೆ ಹರಿಯತ್ತೆ ಕೊಮಾದ್ರೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ.”

“ನನ್ನ ಹತ್ರ ಬ್ಲೀಚ್ ಎಲ್ಲಿಂದ ಬರ್ಬೇಕು? ಅದೇ ನೀಲಿ ಸೋಪು. ಅದೂ ಅರ್ಧ ಹಚ್ತೀನಿ, ಅರ್ಧ ಮರೀತೀನಿ.”

‘ಅರ್ಧ ಮರೀತೀನಿ’ ಎಂಬ ಆ ಮಾತು ಬೆರ್ತಿಲ್ದಾಳ ಎದೆಯಲ್ಲಿ ಬಹಳ ದಿನ ಕೂತಿತ್ತು. ಬೆರಳ ತುದಿ ಸುಕ್ಕುಗಟ್ಟುವವರೆಗೆ ತಿಕ್ಕುವವಳ ಬಟ್ಟೆ ಬೂದು ಬಣ್ಣ, ಅರ್ಧ ಮರೆಯುವವಳ ಬಟ್ಟೆ ಹಾಲಿನ ಬಣ್ಣ.

ಈಸ್ಟರಿನ ಹಿಂದಿನ ದಿನ ಗುಡಿಯಲ್ಲಿ ಅದು ಎಲ್ಲರ ಕಣ್ಣಿಗೂ ಬಿತ್ತು. ಮೇಲುಹೊದಿಕೆ ಬೆರ್ತಿಲ್ದಾ ತೊಳೆದದ್ದು. ಅದರ ಕೆಳಗೆ ಹಾಸಿದ ಬಲಿಪೀಠದ ಬಟ್ಟೆ ಆ ವರ್ಷ ಒದಿಲಿಯಾ ತೊಳೆದದ್ದು. ಎರಡೂ ಒಂದರ ಮೇಲೊಂದು ಬಂದಾಗ ಮೇಲುಹೊದಿಕೆಯ ಬೂದು ಛಾಯೆ ಎದ್ದು ಕಂಡಿತು. ಹೆಂಗಸರು ಬತ್ತಿ ಜೋಡಿಸುವ ನೆಪದಲ್ಲಿ ಬೇರೆ ಕಡೆ ತಿರುಗಿದರು. ಒದಿಲಿಯಾ ಮಾತ್ರ, “ಕಿಟಕಿ ಬೆಳಕು ಕೊಮಾದ್ರೆ, ಅದು ಹಾಗೆ ಕಾಣಿಸತ್ತೆ” ಅಂದಳು. ಆ ಕನಿಕರವನ್ನು ಬೆರ್ತಿಲ್ದಾ ಕೊನೆಯವರೆಗೂ ಕ್ಷಮಿಸಲಿಲ್ಲ.

ಗುಡಿಯ ಈ ಕೆಲಸಗಳನ್ನು ಹಂಚುವ ಮಾತೆಯ ಸಂಘಕ್ಕೆ ಹಿರಿಯಳು ಸಿಕ್ಸ್ತಾ, ಎಲ್ಲರ ಬಾಯಲ್ಲೂ ಗೌರವದ ‘ದೊನ್ಯಾ’ ಸಿಕ್ಸ್ತಾ. ಕಿವಿ ಮಂದ, ಕಣ್ಣು ಚುರುಕು. ಹಬ್ಬ ಕಳೆದ ಮೇಲೆ ಆಕೆ ಇಬ್ಬರನ್ನೂ ಕರೆದು ಹೇಳಿದಳು: “ನೋಡ್ರಮ್ಮ, ನನಗೆ ಯಾರ ಮೇಲೂ ಪಕ್ಷಪಾತ ಇಲ್ಲ. ಒಂದೇ ತಾನಿನಿಂದ ಕತ್ತರಿಸಿದ ಎರಡು ಹಾಸುಬಟ್ಟೆ ಕೊಡ್ತೀನಿ. ಮನೆಗೆ ಒಯ್ದು ತೊಳೀರಿ, ಒಂದು ವಾರ ಬೀದಿ ಕಡೆ ಹಗ್ಗದ ಮೇಲೆ ಇರಲಿ, ಸೆಪ್ಟೆಂಬರ್ ಸಭೆಗೆ ತನ್ನಿ. ಯಾರದು ಬೆಳ್ಳಗಿದ್ಯೋ ಡಿಸೆಂಬರ್ ಅವರದ್ದು.”

ಬೆರ್ತಿಲ್ದಾ ಮನೆಗೆ ಬಂದವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು.

“ಅವಳ ಸೋಪಿನಲ್ಲಿ ಏನೋ ಇದೆ.”

“ಸೋಪಲ್ಲ ಮಾರಾಯ್ತಿ, ಬ್ರೇಕು” ಎಂದ ಸೆಗುಂದೊ ಕುರ್ಚಿಯಿಂದಲೇ.

“ಏನು ಬ್ರೇಕು?”

“ನನ್ನ ಬಸ್ಸಿಗೆ ವರ್ಷದಲ್ಲಿ ಎಷ್ಟು ಸಲ ಬ್ರೇಕ್ ಲೈನರ್ ಹಾಕಿಸ್ತಿದ್ದೆ, ನೆನಪಿದ್ಯಾ? ದಪ್ಪ ಲೈನರ್ ಹಾಕ್ತಾರೆ, ತೆಳ್ಳಗಾಗಿ ಬರತ್ತೆ. ಸವೆದು ಹೋದದ್ದು ಎಲ್ಲಿಗೆ ಹೋಯ್ತು? ಪರಲೋಕಕ್ಕಾ? ಪುಡಿಯಾಗಿ ಗಾಳಿಗೆ ಹೋಯ್ತು. ಈ ತಿರುವಿನಲ್ಲಿ ಎಲ್ರೂ ಒತ್ತೋದು. ಆ ಪುಡಿ ನಿನ್ನ ದುಪ್ಪಟಿ ಮೇಲೆ ಕೂತಿದೆ. ಅದರಲ್ಲಿ ಕಬ್ಬಿಣ ಇದೆ. ಒದ್ದೆ ಬಟ್ಟೆಗೆ ಕಚ್ಕೊಂಡ್ರೆ ನಿನ್ನ ಅಪ್ಪ ಬಂದ್ರೂ ಹೋಗಲ್ಲ.”

ಬೆರ್ತಿಲ್ದಾ ಕೈಯಲ್ಲಿದ್ದ ಬಾಣಲೆಯನ್ನು ಕೆಳಗಿಟ್ಟಳು. ಇಷ್ಟು ವರ್ಷ ತಾನು ತಿಕ್ಕಿದ್ದು ಗಂಡನ ಮತ್ತು ಅವನ ಸಂಗಡಿಗರ ಬ್ರೇಕಿನ ಪುಡಿಯನ್ನೇ!

“ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ದು ಈಗ” ಎಂದ ಸೆಗುಂದೊ.

ಅಷ್ಟರಲ್ಲಿ ನುಬಿಯಾ ಕೆಲಸ ಮುಗಿಸಿ ಬಂದಳು. ಅಪ್ಪನ ಮಾತು ಕೇಳಿಸಿಕೊಂಡು ಅವಳೂ ಉತ್ಸಾಹದಿಂದ ಹೇಳತೊಡಗಿದಳು: “ಅಪ್ಪ ಹೇಳಿದ್ದು ನಿಜ ಅಮ್ಮ. ನಮ್ಮ ಹೊಸ ಬಸ್ಸಿನ ಲೆಕ್ಕವೇ ಬೇರೆ. ಮೊನ್ನೆ ಜ್ಞಾನತಾಯಿ ಮನೇಲಿ ಬಿಸಿ ಚಾಕೊಲೇಟ್ ಕುಡೀತಾ ಇದನ್ನೇ ಹೇಳ್ತಿದ್ದೆ. ನಾವು ಕಾಲು ತೆಗೆದ ತಕ್ಷಣ ಆ ಮೋಟಾರೇ…”

“ಚಾಕೊಲೇಟ್ ಕುಡಿದ್ಯಾ?” ಎಂದಳು ಬೆರ್ತಿಲ್ದಾ.

“ಹೂಂ. ಅಲ್ಲೇ ಕೊನೇ ನಿಲ್ದಾಣದ ಹತ್ರ ಬಿಡುವು ಇರತ್ತಲ್ಲ. ಮೋಟಾರು ಬಸ್ಸನ್ನ ಹಿಡ್ಕೊಂಡು…”

“ದಿನಾನೂ ಕುಡೀತೀಯಾ?”

“ದಿನಾ ಅಲ್ಲಮ್ಮ. ಕೇಳು, ಚಕ್ರ ತಿರುಗೋ ಶಕ್ತಿ ವಾಪಸ್ ಬ್ಯಾಟರಿಗೆ…”

“ಚಾಕೊಲೇಟಿನೊಳಗೆ ಚೀಸ್ ಹಾಕಿ ಕೊಡ್ತಾಳಾ?”

ನುಬಿಯಾ ನಿಟ್ಟುಸಿರು ಬಿಟ್ಟು ಸ್ನಾನಕ್ಕೆ ಹೋದಳು. ಹೀಗೆ, ಕೇಳಲೇಬೇಕಾಗಿದ್ದ ಅರ್ಧ ಮಾತನ್ನು ಬೆರ್ತಿಲ್ದಾ ಕೇಳಲಿಲ್ಲ. ಆಕೆಯ ತಲೆಯಲ್ಲಿ ನಿಂತದ್ದು ಒಂದೇ: ಬಸ್ಸು ಎಲ್ಲಿ ಬ್ರೇಕು ಹಾಕುತ್ತದೋ ಅಲ್ಲಿ ಪುಡಿ ಬೀಳುತ್ತದೆ. ಮೇಲಿನ ಬಸ್ಸು ಒದಿಲಿಯಾಳ ಮನೆಯ ಮುಂದೆ ನಿಲ್ಲದೆ ಹಾದುಹೋಗುತ್ತದೆ, ಅದಕ್ಕೇ ಅವಳ ಹಗ್ಗ ಬಿಳಿ. ಹಾಗಿದ್ದರೆ ನಿಲ್ಲುವಂತೆ ಮಾಡಿದರಾಯಿತು.

ಜೂನ್ ತಿಂಗಳ ಬಡಾವಣೆಯ ಸಭೆಯಲ್ಲಿ, ಯಾವತ್ತೂ ಬಾಯಿ ಬಿಡದ ಬೆರ್ತಿಲ್ದಾ ಕೈ ಎತ್ತಿದಳು. ನಾನೂ ಅಲ್ಲಿದ್ದೆ, ನಮಗೆಲ್ಲ ಆಶ್ಚರ್ಯವಾಯಿತು.

“ಮೇಲಿನ ರಸ್ತೆಯಲ್ಲಿ ಕೊನೇ ನಿಲ್ದಾಣಕ್ಕೂ ಅದರ ಹಿಂದಿನದಕ್ಕೂ ಎಷ್ಟು ದೂರ ನೋಡಿ” ಎಂದಳು. “ವಯಸ್ಸಾದವರು ಹೇಗೆ ಹತ್ತಬೇಕು? ನಡುವೆ ಒಂದು ನಿಲ್ದಾಣ ಬೇಕು. ಸರಿಯಾದ ಜಾಗ ಅಂದ್ರೆ, ಮ್… ನಮ್ಮ ಕೊಮಾದ್ರೆ ಒದಿಲಿಯಾ ಮನೆ ಮುಂದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ರಸ್ತೆಯಲ್ಲದ ರಸ್ತೆಯ ಮುದುಕರಿಗಾಗಿ ಮಾತಾಡಿದ ಬೆರ್ತಿಲ್ದಾಳ ದೊಡ್ಡ ಮನಸ್ಸನ್ನು ಪಾದ್ರಿಗಳು ಮುಂದಿನ ಭಾನುವಾರದ ಪ್ರವಚನದಲ್ಲಿ ಸ್ಮರಿಸಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒದಿಲಿಯಾ ಕಣ್ಣು ಮುಚ್ಚಿಕೊಂಡು ಮುಗುಳ್ನಗುತ್ತಿದ್ದಳು. ಅದನ್ನು ಭಕ್ತಿ ಎಂದುಕೊಂಡವರೇ ಹೆಚ್ಚು.

ಜುಲೈ ಕೊನೆಗೆ ನಿಲ್ದಾಣದ ಕಂಬ ಬಂತು. ಬೆರ್ತಿಲ್ದಾ ದಿನ ಬಿಟ್ಟು ದಿನ ಗುಡ್ಡ ಹತ್ತಿ ನೋಡಿದಳು. ಬಸ್ಸುಗಳು ನಿಂತವು, ಹೊರಟವು, ನಿಂತವು. ಒದಿಲಿಯಾಳ ದುಪ್ಪಟಿ ಹಾಗೆಯೇ ಹಾಲಿನಂತೆ ಇತ್ತು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಬಸ್ಸಿಗೆ ಕಾಯುವವರಿಗೆ ಚಳಿಯಲ್ಲಿ ನಿಂತು ಬೇಸರ. ಒದಿಲಿಯಾ ಬಾಗಿಲ ಬಳಿ ಇದ್ದಲ ಒಲೆ ಹಚ್ಚಿ ಮೆಕ್ಕೆಜೋಳದ ದಪ್ಪ ರೊಟ್ಟಿ ಅರೆಪಾ ಸುಡತೊಡಗಿದಳು, ಜೊತೆಗೆ ಬಿಸಿ ಬೆಲ್ಲದ ನೀರು. ಒಂದು ತಿಂಗಳಿಗೆ ಅವಳ ಬಾಗಿಲಲ್ಲಿ ಜನವೋ ಜನ. ಒಂದು ದಿನ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಕೆಳಗೆ ಇಳಿದು ಬಂದಳು.

“ಬಿಸಿಬಿಸಿ ಇದೆ ಕೊಮಾದ್ರೆ, ತಗೊಳ್ಳಿ. ಎಲ್ಲಾ ನಿಮ್ಮ ದಯೆ. ಆ ನಿಲ್ದಾಣ ಇಲ್ದಿದ್ರೆ ನನ್ನ ಅರೆಪಾನ ಯಾರು ಕೇಳ್ತಿದ್ರು?”

“ಅಯ್ಯೋ, ಅದರಲ್ಲೇನಿದೆ ಕೊಮಾದ್ರೆ” ಎಂದು ಬೆರ್ತಿಲ್ದಾ ಹಲ್ಲು ಕಚ್ಚಿ ನಕ್ಕಳು. ಬುಟ್ಟಿಯನ್ನು ಸೆಗುಂದೊ ಒಬ್ಬನೇ ಖಾಲಿ ಮಾಡಿದ. ಆಕೆ ಒಂದನ್ನೂ ಮುಟ್ಟಲಿಲ್ಲ. ಆದರೆ ಅವನು ತಿನ್ನುವುದನ್ನು ಪೂರ್ತಿ ನೋಡಿದಳು.

ಕೊನೆಗೆ ಆಕೆ ಮಗಳ ಬಸ್ಸನ್ನೇ ಹತ್ತಿದಳು. ಕೊನೆಯ ನಿಲ್ದಾಣದಿಂದ ಇಳಿಯುವಾಗ ಡ್ರೈವರ್ ಸೀಟಿನ ಹಿಂದೆ ನಿಂತು ನುಬಿಯಾಳ ಕಾಲುಗಳನ್ನೇ ನೋಡಿದಳು. ಇಳಿಜಾರು ಕಡಿದಾಗಿತ್ತು. ನುಬಿಯಾ ಬಲಗಾಲನ್ನು ಮೆಲ್ಲನೆ ಎತ್ತಿದಳು. ಬಸ್ಸು ಸದ್ದಿಲ್ಲದೆ ನಿಧಾನವಾಯಿತು, ಒದಿಲಿಯಾಳ ಬಾಗಿಲ ಮುಂದೆ ನಡಿಗೆಯ ವೇಗಕ್ಕೆ ಬಂತು. ಪೂರ್ತಿ ನಿಲ್ಲುವ ಗಳಿಗೆಯಲ್ಲಿ ಮಾತ್ರ ಅವಳ ಕಾಲು ಬ್ರೇಕನ್ನು ಮುಟ್ಟಿತು.

“ನೀನು ಬ್ರೇಕೇ ಒತ್ತಲ್ವಾ?” ತಾಯಿ ಬಗ್ಗಿ ಕೇಳಿದಳು.

“ಅದನ್ನೇ ಆವತ್ತು ಹೇಳೋಕೆ ಹೊರಟಿದ್ದೆ. ನೀನು ಚೀಸ್ ಕೇಳ್ತಾ ಕೂತೆ” ಎಂದಳು ನುಬಿಯಾ ಕನ್ನಡಿಯಲ್ಲಿ ನಗುತ್ತ. “ಇಳಿಯುವಾಗ ಚಕ್ರವೇ ಮೋಟಾರನ್ನ ತಿರುಗಿಸತ್ತೆ. ಮೋಟಾರು ಕರೆಂಟ್ ಮಾಡಿ ಬ್ಯಾಟರಿಗೆ ಕಳಿಸತ್ತೆ, ಆ ಕೆಲಸದಲ್ಲೇ ಬಸ್ಸಿನ ಓಟ ತಗ್ಗತ್ತೆ. ಲೈನರ್ ಉಜ್ಜೋದೇ ಅಪರೂಪ. ಉಜ್ಜದೇ ಇದ್ರೆ ಪುಡಿ ಎಲ್ಲಿಂದ ಬರ್ಬೇಕು?”

ಬೆರ್ತಿಲ್ದಾ ಖಾಲಿ ಸೀಟು ಹುಡುಕಿ ಕೂತಳು. ಪ್ರಯಾಣಿಕಳೊಬ್ಬಳು, “ಹುಷಾರಿಲ್ವಾ ಅಮ್ಮ?” ಎಂದು ಕೇಳಿದಳು.

ಮುಂದಿನ ನಿಲ್ದಾಣದಲ್ಲಿ ಇಳಿದ ಬೆರ್ತಿಲ್ದಾ ಸೋಲು ಒಪ್ಪಿಕೊಂಡು ಮನೆಗೆ ಹೋಗಲಿಲ್ಲ. ಒದಿಲಿಯಾಳ ಮನೆ ಮುಂದಿನ ನಿಲ್ದಾಣಕ್ಕೆ ವಾಪಸ್ ನಡೆದು ಬಂದು, ಬಿಳಿ ಕರವಸ್ತ್ರವನ್ನು ಅವಳ ಮಾಳಿಗೆಯ ಮೆಟ್ಟಿಲ ಕಂಬಿಯ ಮೇಲೆ ಒಂದು ಸಲ ಎಳೆದಳು. ಕರವಸ್ತ್ರದ ಮೇಲೆ ಕಪ್ಪು ಗೆರೆ ಬಂತು! ತೆಳುವಾದ, ಅಂಟಂಟಾದ, ರವೆಯಂಥ ಕಪ್ಪು. ತನ್ನ ಮನೆಯಲ್ಲಿ ಕೂರುವ ಕಂದು ಪುಡಿಯಷ್ಟಿಲ್ಲ, ಆದರೂ ಕಪ್ಪು ಕಪ್ಪೇ. ಆಕೆಯ ಮುಖ ಅರಳಿತು.

“ಅದು ಟೈರು” ಎಂದ ಸೆಗುಂದೊ, ಮನೆಗೆ ತಂದ ಕರವಸ್ತ್ರವನ್ನು ಬೆಳಕಿಗೆ ಹಿಡಿದು. “ಬ್ಯಾಟರಿ ಹೊತ್ತ ಬಸ್ಸು ಭಾರ ಜಾಸ್ತಿ. ಹೊರಡುವಾಗ, ತಿರುಗುವಾಗ, ನಿಲ್ಲುವಾಗ ರಬ್ಬರು ರಸ್ತೆಗೆ ಉಜ್ಜತ್ತೆ. ರಸ್ತೆ ಪುಡಿ ಜೊತೆ ಸೇರ್ಕೊಂಡು ಏಳತ್ತೆ. ಪೂರ್ತಿ ಚೊಕ್ಕಟ ಬಸ್ಸು ಅಂತ ಒಂದಿಲ್ಲ ಕಣೇ.”

“ಹಾಗಾದ್ರೆ ಅವಳ ಹಾಸುಬಟ್ಟೆಗೂ ಬೀಳತ್ತೆ.”

“ಬೀಳತ್ತೆ. ನಿನ್ನದಕ್ಕೆ ಬೀಳುವಷ್ಟಲ್ಲ.”

ಕೊನೆಯ ಮಾತನ್ನು ಆಕೆ ಕೇಳಿಸಿಕೊಳ್ಳಲಿಲ್ಲ. ಆ ಕರವಸ್ತ್ರವನ್ನು ಮಡಿಸಿ, ತೊಳೆಯದೆ ಇಟ್ಟುಕೊಂಡಳು. ಬೆರ್ತಿಲ್ದಾಳ ಮನೆಯಲ್ಲಿ ತೊಳೆಯದೆ ಇಟ್ಟ ಬಿಳಿ ಬಟ್ಟೆ ಅದೊಂದೇ.

ಸೆಪ್ಟೆಂಬರ್ ಸಭೆಯಲ್ಲಿ ಎರಡು ಹಾಸುಬಟ್ಟೆಗಳನ್ನು ಮೇಜಿನ ಮೇಲೆ ಬಿಡಿಸಿದರು. ಬೇರೆ ಮಾತಿಗೆ ಅವಕಾಶವಿರಲಿಲ್ಲ, ಒದಿಲಿಯಾಳದು ಬೆಳ್ಳಗಿತ್ತು. ಆಗ ಬೆರ್ತಿಲ್ದಾ ಎದ್ದು ನಿಂತು ಕರವಸ್ತ್ರವನ್ನು ಹೊರತೆಗೆದಳು.

“ಇದು ಕೊಮಾದ್ರೆ ಮನೆ ಕಂಬಿಯಿಂದ ಬಂದದ್ದು. ಎಲ್ರೂ ನೋಡಿ.”

ದೊನ್ಯಾ ಸಿಕ್ಸ್ತಾ ಅದನ್ನು ಮೂಗಿನ ಹತ್ತಿರಕ್ಕೆ ಹಿಡಿದು ನೋಡಿದಳು. “ಮಾತೆಗೆ ನಾವು ಕಂಬಿ ತೊಡಿಸ್ತೀವಾ ಬೆರ್ತಿಲ್ದಾ?” ಎಂದಳು. ಎಲ್ಲರೂ ನಕ್ಕರು. ಮೇಲುಹೊದಿಕೆ ಒದಿಲಿಯಾಳ ಪಾಲಾಯಿತು.

ಅಕ್ಟೋಬರ್, ನವೆಂಬರ್ ಎರಡು ತಿಂಗಳೂ ಬೆರ್ತಿಲ್ದಾ ಮಾಳಿಗೆಯ ಮುಂದಿನ ಹಗ್ಗಕ್ಕೆ ಏನನ್ನೂ ಹಾಕಲಿಲ್ಲ. ಬಟ್ಟೆಯನ್ನೆಲ್ಲ ಹಿಂದಿನ ಹಗ್ಗಗಳಲ್ಲೇ ಒಣಗಿಸಿದಳು. ಅಂಗಡಿಗೆ ಹೋದರೆ, “ಈ ಸಲ ಯಾರು ತೊಳೀತಾರೆ?” ಎಂದು ಕೇಳಿಯಾರೆಂದು ಕಾಯಿ, ಸೊಪ್ಪು ತರಲು ಸೆಗುಂದೊನನ್ನೇ ಕಳಿಸಿದಳು. ನುಬಿಯಾ ಮನೆಗೆ ಬಂದರೆ ಅವಳ ಬಾಯಿಯ ವಾಸನೆ ನೋಡಿ, “ಚಾಕೊಲೇಟಾ?” ಎನ್ನುತ್ತಿದ್ದಳು.

ಬತ್ತಿ ಹಚ್ಚುವ ಹಬ್ಬದ ದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಒದಿಲಿಯಾ. ಎದೆಗೆ ಒತ್ತಿ ಹಿಡಿದ ಗಂಟು. ಯಾವತ್ತೂ ಅವಸರಪಡದ ಹೆಂಗಸು ಗುಡ್ಡದ ಮೆಟ್ಟಿಲನ್ನು ಓಡಿ ಇಳಿದು ಬಂದಿದ್ದಳು. ಉಸಿರು ಸಿಗದೆ ಹೊಸ್ತಿಲ ಮೇಲೇ ಕೂತಳು.

“ಕೊಮಾದ್ರೆ, ನನ್ನನ್ನ ಬೈಯಿರಿ, ಆದರೆ ಮೊದಲು ಇದನ್ನ ನೋಡಿ.”

ಗಂಟು ಬಿಚ್ಚಿದಾಗ ಮೇಲುಹೊದಿಕೆಯ ಅಂಚಿನಲ್ಲಿ ಒಂದು ಮೊಳ ಉದ್ದಕ್ಕೂ ಕಪ್ಪು ಬಳಿದುಕೊಂಡಿತ್ತು. ಉದ್ದನೆಯ ಹೊದಿಕೆ ಗಾಳಿಗೆ ಕೆಳಗೆ ಇಳಿದು, ನಿಲ್ದಾಣದ ಕಡೆಯ ಕಟ್ಟೆಗೆ ಉಜ್ಜಿಕೊಂಡಿದೆ. ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಟೈರಿನ ಪುಡಿ ಅಂಚಿಗೆ ಹತ್ತಿದೆ. ಒದಿಲಿಯಾ ಗಾಬರಿಯಲ್ಲಿ ನೀರು ಹಾಕಿ ಸೋಪು ಹಚ್ಚಿ ತಿಕ್ಕಿದ್ದಾಳೆ, ಚುಕ್ಕಿಯಾಗಿದ್ದದ್ದು ಬಳಿದುಕೊಂಡಿದೆ.

ಬೆರ್ತಿಲ್ದಾ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಸೆಗುಂದೊ ನನಗೆ ಆಮೇಲೆ ಹೇಳಿದ: “ಅವಳ ಮುಖದ ಮೇಲೆ ಹಬ್ಬ ಬಂದಿತ್ತು ಮೇಷ್ಟ್ರೇ. ಹಾಗೇ ಹೊರಟೂ ಹೋಯ್ತು.”

ಸುಮ್ಮನಿದ್ದರೆ ಸಾಕಾಗಿತ್ತು. ಸಂಜೆ ಎಲ್ಲರೂ ಆ ಅಂಚನ್ನು ನೋಡುತ್ತಿದ್ದರು. ಮುಂದಿನ ವರ್ಷ ಮೇಲುಹೊದಿಕೆ ತಾನಾಗಿ ಕೆಳಗಿನ ರಸ್ತೆಗೆ ಇಳಿದು ಬರುತ್ತಿತ್ತು.

“ಒದ್ದೆ ಮಾಡಿದ್ರಾ?” ಎಂದಳು ಕೊನೆಗೆ.

“ಮಾಡಿದೆ.”

“ಒಣ ಪುಡಿಯನ್ನ ಒದ್ದೆ ಮಾಡ್ತಾರಾ ಯಾರಾದ್ರೂ? ಮೊದಲು ಕೊಡವಬೇಕು, ಬ್ರಷ್ಷಿನಲ್ಲಿ ಎತ್ತಬೇಕು, ಆಮೇಲೆ ನೀರು. ನಿಮಗೆ ಇದೆಲ್ಲ ಎಲ್ಲಿಂದ ಗೊತ್ತಾಗ್ಬೇಕು? ನಿಮ್ಮ ಹಗ್ಗದ ಮೇಲೆ ಯಾವತ್ತು ಕಪ್ಪು ಬಿದ್ದಿತ್ತು!”

“ನನಗೆ ಗೊತ್ತಿಲ್ಲ ಅಂತಾನೇ ಓಡಿ ಬಂದೆ.”

“ಅರೆಪಾ ಹಿಟ್ಟು ಕಲಸಿದ್ದೀರಾ ಇವತ್ತು?”

“ಈಗ ಅರೆಪಾ ಯಾಕೆ ಕೊಮಾದ್ರೆ?”

“ತಿನ್ನೋಕಲ್ಲ. ಹಿಟ್ಟು ತನ್ನಿ. ಉಪ್ಪು, ಬೆಣ್ಣೆ ಹಾಕದ್ದು.”

ಬೆಳಗಿನ ಬಿಸಿಲಿನಲ್ಲಿ ಇಬ್ಬರೂ ಹಿಂದಿನ ಹಗ್ಗದ ಕೆಳಗೆ ಕೂತರು. ಅಂಚನ್ನು ಮೊದಲು ಪೂರ್ತಿ ಒಣಗಿಸಿದರು. ಆಮೇಲೆ ಬೆರ್ತಿಲ್ದಾ ಗಟ್ಟಿ ಹಿಟ್ಟಿನ ಉಂಡೆ ಮಾಡಿ, ಉಜ್ಜದೆ, ಒತ್ತಿ ಒತ್ತಿ ಎತ್ತಿದಳು. ಪ್ರತಿ ಸಲವೂ ಉಂಡೆಗೆ ಒಂದಿಷ್ಟು ಕಪ್ಪು ಬಂತು. ಕಪ್ಪಾದ ಉಂಡೆಯನ್ನು ಬಿಸಾಕಿ ಹೊಸದು. ಒದಿಲಿಯಾ ಉಂಡೆ ಮಾಡಿ ಕೊಡುತ್ತಿದ್ದಳು.

“ಆ ನಿಲ್ದಾಣ ಇಲ್ದಿದ್ರೆ ಇದು ಆಗ್ತಿರಲಿಲ್ಲ” ಎಂದಳು ಒದಿಲಿಯಾ ಇದ್ದಕ್ಕಿದ್ದಂತೆ.

ಬೆರ್ತಿಲ್ದಾಳ ಕೈ ನಿಂತಿತು.

“ಸಭೆಯಲ್ಲಿ ನೀವು ಕೈ ಎತ್ತಿದಾಗಲೇ ನನಗೆ ಗೊತ್ತಾಯ್ತು ಕೊಮಾದ್ರೆ. ಮುದುಕರ ಮೊಣಕಾಲಿನ ಚಿಂತೆ ನಿಮಗೆ ಯಾವಾಗ ಶುರುವಾಯ್ತು? ನಿಮ್ಮ ಅತ್ತೆ ಕುಂಟಿಕೊಂಡು ಬರುವಾಗಲೂ ನೀವು ಕೈ ಕೊಟ್ಟದ್ದು ನಾನು ನೋಡಿಲ್ಲ.”

“ಗೊತ್ತಿದ್ದೂ ಅರೆಪಾ ತಂದ್ಕೊಟ್ರಾ?”

“ಮತ್ತೇನು ಮಾಡ್ಲಿ? ವ್ಯಾಪಾರ ನಿಜವಾಗ್ಲೂ ಚೆನ್ನಾಗಿತ್ತು.”

ಬೆರ್ತಿಲ್ದಾ ಒಂದು ಉಂಡೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು. ಸೆಗುಂದೊ ಕುರ್ಚಿಯಲ್ಲಿ ಕೆಮ್ಮಿದ. ನಗುವನ್ನು ಮುಚ್ಚಿಕೊಳ್ಳುವ ಕೆಮ್ಮು.

ಮಧ್ಯಾಹ್ನದ ಹೊತ್ತಿಗೆ ಹಿಟ್ಟಿಗೆ ಕಪ್ಪು ಬರುವುದು ನಿಂತಿತು. ಅಂಚಿಗೆ ಮಾತ್ರ ನೀಲಿ ಸೋಪು, ತಣ್ಣೀರು, ಮತ್ತೆ ಬಿಸಿಲು. ಒಣಗಿದ ಮೇಲೆ ಆಕೆ ಅಂಚನ್ನು ಕಣ್ಣ ಹತ್ತಿರ ತಂದು ನೋಡಿದಳು. ತಾನು ತೊಳೆದ ಈ ಒಂದು ಮೊಳ ಉಳಿದ ಹೊದಿಕೆಯಷ್ಟೇ ಬೆಳ್ಳಗಿದೆ, ಹೆಚ್ಚಲ್ಲ ಎನ್ನುವುದೂ ಆಕೆಗೆ ಕಂಡಿತು. ಅದು ಸಂತೋಷದ ವಿಷಯವಾಗಲಿಲ್ಲ.

ಸಂಜೆ ಗುಡಿಗೆ ಇಬ್ಬರೂ ಜೊತೆಯಾಗಿ ಹೋದರು. ಹೊದಿಕೆಯ ಒಂದು ತುದಿ ಒಬ್ಬಳ ತೋಳಿನ ಮೇಲೆ, ಇನ್ನೊಂದು ತುದಿ ಇನ್ನೊಬ್ಬಳ ತೋಳಿನ ಮೇಲೆ. ಯಾರೂ ಬಿಡಲು ತಯಾರಿರಲಿಲ್ಲ. ಬೀದಿಯಲ್ಲಿ ಮಕ್ಕಳು ಬತ್ತಿ ಜೋಡಿಸುತ್ತಿದ್ದರು. ಗುಡಿಯ ಬಾಗಿಲಲ್ಲಿ ದೊನ್ಯಾ ಸಿಕ್ಸ್ತಾ ಹೊದಿಕೆಯನ್ನು ಎತ್ತಿ ನೋಡಿ, “ಚೆನ್ನಾಗಿದೆ ಒದಿಲಿಯಾ. ಚೆನ್ನಾಗಿ ತೊಳೆದಿದ್ದೀರಿ” ಎಂದಳು.

“ಅವರು ತೊಳೆದರು” ಎಂದಳು ಬೆರ್ತಿಲ್ದಾ, ಕಿವಿ ಮಂದವಾದ ಆಕೆಗೆ ಕೇಳುವಷ್ಟು ಜೋರಾಗಿ. “ಅಂಚು ನನ್ನದು.”

“ಹೌದು ದೊನ್ಯಾ” ಎಂದಳು ಒದಿಲಿಯಾ. “ಬೆಳಿಗ್ಗೆ ನಾನು ಹಾಳು ಮಾಡಿದ್ದೆ, ಕೊಮಾದ್ರೆ ಉಳಿಸಿದರು. ಅವರಿಲ್ದಿದ್ರೆ ಮಾತೆಗೆ ಇವತ್ತು ಹಳೇ ಹೊದಿಕೇನೇ ಗತಿ.”

ಸುತ್ತ ನಿಂತ ಹೆಂಗಸರೆಲ್ಲ, “ಎಂಥ ವಿನಯ ನೋಡಿ ಒದಿಲಿಯಾದು! ತನ್ನ ತಪ್ಪನ್ನ ತಾನೇ ಹೇಳ್ಕೊಂಡ್ಳು” ಎಂದು ಮೆಚ್ಚಿಕೊಂಡರು. ಅಂಚನ್ನು ಉಳಿಸಿದವಳ ಮುಖ ನೋಡುವುದು ಒಂದಿಬ್ಬರಿಗೆ ಮಾತ್ರ ನೆನಪಾಯಿತು.

ಹೊದಿಕೆ ತೊಡಿಸಿದ ಮೇಲೆ ದೊನ್ಯಾ ಸಿಕ್ಸ್ತಾ ಇಬ್ಬರ ಕೈಯನ್ನೂ ಹಿಡಿದುಕೊಂಡು ತೀರ್ಪು ಹೇಳಿದಳು: “ಇನ್ನು ಮೇಲೆ ಈಸ್ಟರ್ ಬೆರ್ತಿಲ್ದಾದು, ಡಿಸೆಂಬರ್ ಒದಿಲಿಯಾದು. ಮುಗೀತು. ನನಗೂ ವಯಸ್ಸಾಯ್ತು, ಮತ್ತೆ ಮತ್ತೆ ಹಾಸುಬಟ್ಟೆ ನೋಡೋ ಕಣ್ಣಿಲ್ಲ.”

ಹೆಸರು ಅರ್ಧ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ನೆಮ್ಮದಿಪಡುತ್ತಿದ್ದರು. ಬೆರ್ತಿಲ್ದಾ ಸೆಗುಂದೊನ ಜೊತೆ ಮನೆಗೆ ನಡೆದಳು. ಒಳಗೆ ಬಂದು ಶಾಲು ಬಿಚ್ಚಿದವಳು ಏನೋ ಹೊಳೆದು ಅಲ್ಲೇ ನಿಂತಳು.

“ಸೆಗುಂದೊ, ಈಸ್ಟರಿಗೆ ಮಳೆ ಅಲ್ವಾ?”

“ಏಪ್ರಿಲ್ ಅಂದ್ರೆ ಮಳೆಯೇ.”

“ಡಿಸೆಂಬರಿಗೆ?”

“ಡಿಸೆಂಬರಿಗೆ ಬಿಸಿಲು” ಎಂದು ಹೇಳಿದ ಮೇಲೆ ಸೆಗುಂದೊಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

“ನೋಡಿದ್ರಾ!” ಎಂದಳು ಬೆರ್ತಿಲ್ದಾ. “ಬಿಸಿಲೂ ಅವಳ ಪಾಲಿಗೇ ಹೋಯ್ತು.”

ಮರುವರ್ಷ ಫೆಬ್ರವರಿಯಲ್ಲಿ ಕೆಳಗಿನ ರಸ್ತೆಗೂ ವಿದ್ಯುತ್ ಬಸ್ಸು ಬಂತು. ತಿರುವಿನ ಕಿರುಚಾಟ ನಿಂತಿತು, ಸುಟ್ಟ ವಾಸನೆ ಹೋಯಿತು, ಟೈರಿನ ಕಪ್ಪು ಒಂದಿಷ್ಟು ಉಳಿಯಿತು. ಈಸ್ಟರಿನ ವಾರ ಮಳೆ ಬಿಡಲೇ ಇಲ್ಲ. ಮಾತೆಯ ಮೇಲುಹೊದಿಕೆಯನ್ನು ಬೀದಿಯ ಕಡೆಯ ಹಗ್ಗಕ್ಕೆ ಹಾಕುವುದು, ಹನಿ ಬೀಳುತ್ತಲೇ ಎಳೆದು ಒಳಗೆ ಓಡುವುದು, ಮೋಡ ಸರಿದರೆ ಮತ್ತೆ ಹಾಕುವುದು, ಇಡೀ ದಿನ ಆಕೆಗೆ ಅದೇ ಆಯಿತು. ನಾನು ಕೊಡೆ ಹಿಡಿದು ಹೋಗುವಾಗ ಮಾಳಿಗೆಯ ಮೇಲಿಂದ ಕೂಗಿ ಕೇಳಿದಳು:

“ಮೇಷ್ಟ್ರೇ, ಮೇಲಿನ ರಸ್ತೆಯಲ್ಲೂ ಮಳೆ ಬರ್ತಿದ್ಯಾ?”

“ಬರ್ತಿದೆ ಬೆರ್ತಿಲ್ದಾ. ಎಲ್ಲ ಕಡೆನೂ ಬರ್ತಿದೆ.”

“ಜೋರಾಗಿ ಬರ್ತಿದ್ಯಾ?”

“ಇಲ್ಲಿಗಿಂತ ಜೋರು” ಎಂದೆ. ಆಕೆ ತೃಪ್ತಿಯಿಂದ ಹೊದಿಕೆಯನ್ನು ಮತ್ತೆ ಹಗ್ಗಕ್ಕೆ ಹಾಕಿ, ಅಂಚನ್ನು ನೇರ ಮಾಡತೊಡಗಿದಳು.